ಅಸ್ವಸ್ಥನ ಬಂದೂಕು, ಶ್ರಾವಕನ ನಿಯಮ

ಚುನಾವಣೆಯ ದಿನಾಂಕ ಪ್ರಕಟವಾಯಿತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಪೊಲೀಸ್ ಠಾಣೆಗಳಿಗೆ ತೋಟದ ಮನೆಗಳಿಂದ ಬಂದೂಕುಗಳು ಬರತೊಡಗುತ್ತವೆ. ಬೆಳೆ ರಕ್ಷಣೆಗೆಂದೋ ಆತ್ಮರಕ್ಷಣೆಗೆಂದೋ ಪರವಾನಗಿ ಪಡೆದವರು ಅವನ್ನು ಠಾಣೆಯಲ್ಲಿ ಜಮಾ ಮಾಡಿ, ರಸೀದಿ ಪಡೆದು, ಮತ ಎಣಿಕೆ ಮುಗಿದ ಮೇಲೆ ಮರಳಿ ಒಯ್ಯುತ್ತಾರೆ. ಇದರಲ್ಲಿ ಯಾರಿಗೂ ಅವಮಾನವೆನಿಸುವುದಿಲ್ಲ. ಊರಿನ ಮನಸ್ಸು ಕದಡುವ ಕಾಲದಲ್ಲಿ ಆಯುಧ ದೂರವಿರಲಿ ಎಂಬ ಮಾತು ಎಲ್ಲರಿಗೂ ಒಪ್ಪಿತವಾಗಿದೆ.

ಆದರೆ ಊರಿನ ಮನಸ್ಸಲ್ಲ, ಬಂದೂಕಿನ ಒಡೆಯನ ಮನಸ್ಸೇ ಕದಡಿದ್ದರೆ? ಅವನ ಕಣ್ಣಿಗೆ ಪೊರೆ ಬಂದಿದ್ದರೆ, ಜ್ವರದಿಂದ ತಲೆ ಸುತ್ತುತ್ತಿದ್ದರೆ, ನಿದ್ರೆಯ ಗುಳಿಗೆಯ ಮಂಪರು ಬೆಳಗಿನವರೆಗೂ ಇಳಿಯದಿದ್ದರೆ? ಆಗ ಆ ಬಂದೂಕು ಗೋಡೆಯ ಗೂಟದಲ್ಲಿ ಎಂದಿನಂತೆ ತೂಗುತ್ತಿರುತ್ತದೆ. ಮನೆಯವರು ಅದನ್ನು ನೋಡುತ್ತಾರೆ, ಮಾತು ತೆಗೆಯುವುದಿಲ್ಲ. ಈ ಮೌನದ ಕುರಿತು ಜಿನವಾಣಿಯ ಬೆಳಕಿನಲ್ಲಿ ಕೆಲವು ಮಾತುಗಳನ್ನು ಹೇಳಬೇಕಾಗಿದೆ.

ಅಹಿಂಸೆಯನ್ನೇ ಪರಮಧರ್ಮವೆಂದು ನಂಬಿದವರ ಅಂಕಣದಲ್ಲಿ ಬಂದೂಕಿನ ಚರ್ಚೆ ಏಕೆ ಎಂದು ಕೆಲವರು ಕೇಳಬಹುದು. ಆಯುಧವನ್ನು ಪೂರ್ಣವಾಗಿ ತ್ಯಜಿಸುವುದು ಮಹಾವ್ರತಿಗಳಾದ ಮುನಿಗಳ ಮಾರ್ಗ. ಅಣುವ್ರತಿಯಾದ ಗೃಹಸ್ಥನಿಗೆ ಆಚಾರ್ಯರು ಸಂಕಲ್ಪೀ ಹಿಂಸೆಯನ್ನು, ಎಂದರೆ ಕೊಲ್ಲಬೇಕೆಂದೇ ಮಾಡುವ ಹಿಂಸೆಯನ್ನು, ಸಂಪೂರ್ಣವಾಗಿ ನಿಷೇಧಿಸಿದರು. ತನ್ನನ್ನೂ ತನ್ನವರನ್ನೂ ಕಾಯುವಾಗ ಅನಿವಾರ್ಯವಾಗಿ ಒದಗುವ ವಿರೋಧೀ ಹಿಂಸೆಗೆ ಮಾತ್ರ ಅವನ ದೌರ್ಬಲ್ಯವನ್ನರಿತು ಎಡೆಗೊಟ್ಟರು. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯ ಗಂಗರ ದಂಡನಾಯಕ. ಅವನ ಸೊಂಟದಲ್ಲಿ ಕತ್ತಿಯಿತ್ತು. ಅವನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಅದನ್ನು ಬಲ್ಲವರಾಗಿಯೇ ಅವನಿಗೆ ಗೊಮ್ಮಟಸಾರವನ್ನು ಬೋಧಿಸಿದರು. ಆಯುಧವಿರುವ ಶ್ರಾವಕನೊಡನೆ ಜೈನಧರ್ಮ ಮಾತು ಬಿಟ್ಟದ್ದಿಲ್ಲ. ಅವನಿಗೆ ಹೆಚ್ಚಿನ ಎಚ್ಚರವನ್ನು ವಿಧಿಸಿದೆ, ಅಷ್ಟೆ.

ಆ ಎಚ್ಚರದ ಹೆಸರು ಅಪ್ರಮಾದ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹರಣವೆಂದು ಮಾತ್ರ ಹೇಳಿ ನಿಲ್ಲಿಸುವುದಿಲ್ಲ. ಪ್ರಮಾದದ ಯೋಗದಿಂದ ಆಗುವ ಪ್ರಾಣಹರಣ ಎನ್ನುತ್ತಾರೆ. ಪ್ರಮಾದಗಳು ಹದಿನೈದು ಎಂದು ಗೊಮ್ಮಟಸಾರ ಎಣಿಸುತ್ತದೆ. ನಾಲ್ಕು ವಿಕಥೆಗಳು, ನಾಲ್ಕು ಕಷಾಯಗಳು, ಐದು ಇಂದ್ರಿಯಗಳು, ನಿದ್ರೆ ಮತ್ತು ಪ್ರಣಯ. ಕ್ರೋಧ, ಲೋಭಗಳ ಸಾಲಿನಲ್ಲಿ ನಿದ್ರೆಯೂ ಬಂದಿರುವುದನ್ನು ಗಮನಿಸಬೇಕು. ನಿದ್ರೆ ಪಾಪವೆಂದು ಇದರ ಅರ್ಥವಲ್ಲ. ಅರಿವು ಮಸುಕಾದ ಸ್ಥಿತಿ ಯಾವ ಕಾರಣದಿಂದ ಬಂದಿದ್ದರೂ ಅದು ಹಿಂಸೆಗೆ ಬಾಗಿಲು ಎಂಬ ಸೂಕ್ಷ್ಮ ಇಲ್ಲಿದೆ. ಮೂರು ರಾತ್ರಿ ಕಣ್ಣು ಮುಚ್ಚದವನಿಗೂ, ಸಕ್ಕರೆ ಕಾಯಿಲೆಯಲ್ಲಿ ರಕ್ತದ ಸಕ್ಕರೆ ಕುಸಿದು ಕೈ ನಡುಗುವವನಿಗೂ, ಖಿನ್ನತೆಯ ಕತ್ತಲಲ್ಲಿ ಕುಳಿತವನಿಗೂ ಈ ಮಾತು ಸಮನಾಗಿ ಅನ್ವಯಿಸುತ್ತದೆ. ಮದ್ಯದ ಮಾತನ್ನು ಬೇರೆಯಾಗಿ ಹೇಳಬೇಕಿಲ್ಲ. ಅಷ್ಟಮೂಲಗುಣಗಳಲ್ಲಿಯೇ ಅದರ ತ್ಯಾಗವಿದೆ.

"ಬೇಕೆಂದು ಮಾಡಿದ್ದಲ್ಲ, ಕೈತಪ್ಪಿ ಹಾರಿತು" ಎಂದು ಹೇಳಿ ಸಮಾಧಾನಪಡುವ ರೂಢಿಯುಂಟು. ಶಾಸ್ತ್ರವೂ ಆಕಸ್ಮಿಕವನ್ನು ಬಲ್ಲದು. ಈರ್ಯಾಸಮಿತಿಯಿಂದ ನೆಲ ನೋಡಿ ನಡೆಯುವ ಮುನಿಯ ಕಾಲಡಿಗೆ ಫಕ್ಕನೆ ಬಂದ ಕೀಟ ಸತ್ತರೆ ಅವರಿಗೆ ಹಿಂಸೆಯ ಬಂಧವಿಲ್ಲ ಎಂದೇ ಆಚಾರ್ಯರು ಹೇಳಿದ್ದಾರೆ. ಆದರೆ ಆ ವಿನಾಯಿತಿ ಯಾರಿಗೆ ಎಂಬುದನ್ನು ಗಮನಿಸಬೇಕು. ಅದು ನೋಡಿ ನಡೆದವನಿಗೆ ಮಾತ್ರ ಸಲ್ಲುವಂಥದು. ತನ್ನ ಕಣ್ಣು ಮಂಜಾಗಿದೆ, ತನ್ನ ಸಿಟ್ಟು ತನ್ನ ಹತೋಟಿಯಲ್ಲಿಲ್ಲ ಎಂದು ತಿಳಿದೂ ಬಂದೂಕು ಹೆಗಲಿಗೇರಿಸಿದವನು ನೋಡದೆ ನಡೆದವನೇ. ಗುಂಡು ಯಾರಿಗೂ ತಾಗದೆ ಹೋದರೂ ಅವನ ಲೆಕ್ಕ ಬೇರೆಯಾಗುವುದಿಲ್ಲ. ಕಷಾಯಕ್ಕೆ ಒಳಗಾದವನು ಅನ್ಯಜೀವಿ ಸಾಯುವುದಕ್ಕೂ ಮೊದಲೇ ತನ್ನ ಆತ್ಮವನ್ನು ಘಾತಿಸಿಕೊಂಡಿರುತ್ತಾನೆ ಎಂಬುದು ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯದ ಅಭಿಪ್ರಾಯ.

ಭರತ ಬಾಹುಬಲಿಯರ ಕಥೆಯನ್ನು ನಾವು ಬಾಹುಬಲಿಯ ವೈರಾಗ್ಯಕ್ಕಾಗಿ ಓದುತ್ತೇವೆ. ಒಮ್ಮೆ ಭರತನ ಕಡೆಯಿಂದ ಓದಿ ನೋಡಬೇಕು. ಆತ ಕ್ರೂರಿಯಲ್ಲ, ಮುಂದೆ ಕೇವಲಜ್ಞಾನ ಪಡೆದು ಮುಕ್ತನಾಗುವ ಭವ್ಯಜೀವ. ಸೇನೆಗಳ ರಕ್ತಪಾತ ಬೇಡವೆಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ಒಪ್ಪಿದವನು. ಮೂರರಲ್ಲಿಯೂ ಸೋತ ಆ ಕ್ಷಣದಲ್ಲಿ ಅವನ ಬುದ್ಧಿ ಅವನದಾಗಿರಲಿಲ್ಲ. ಕೈಗೆಟಕುವಲ್ಲಿ ಚಕ್ರರತ್ನವಿತ್ತು. ಒಡಹುಟ್ಟಿದವನ ಮೇಲೆಯೇ ಅದನ್ನು ಪ್ರಯೋಗಿಸಿದ. ಚಕ್ರ ಬಾಹುಬಲಿಯನ್ನು ಪ್ರದಕ್ಷಿಣೆ ಮಾಡಿ ನಿಂತಿತು. ಭರತನ ಪುಣ್ಯ ದೊಡ್ಡದು, ಅವನ ಆಯುಧಕ್ಕೆ ವಿವೇಕವಿತ್ತು. ನಮ್ಮ ತೋಟದ ಮನೆಯ ತೋಟೆಗಳಿಗೆ ಆ ವಿವೇಕವಿಲ್ಲ.

ಮುಧೋಳದ ಮಗನಾದ ಕವಿಚಕ್ರವರ್ತಿ ರನ್ನನೂ ಇದನ್ನು ಬಲ್ಲವನು. ಬಳೆಗಾರರ ಮನೆಯಲ್ಲಿ ಹುಟ್ಟಿ, ಚಾವುಂಡರಾಯನ ಆಶ್ರಯ ಪಡೆದು, 993ರಲ್ಲಿ ಅಜಿತಪುರಾಣವನ್ನು ಮುಗಿಸಿದ ಈ ಜೈನಕವಿ ಗದಾಯುದ್ಧವನ್ನೂ ಬರೆದ. ಅಲ್ಲಿಯ ಭೀಮ ದುರ್ಯೋಧನರಿಬ್ಬರೂ ಗದಾವಿದ್ಯೆಯಲ್ಲಿ ಪರಿಣತರೇ. ವಿದ್ಯೆಯ ಕೊರತೆಯಿಂದ ಅಲ್ಲಿ ಏನೂ ಕೆಡಲಿಲ್ಲ. ಪಂದ್ಯದ ಕಟ್ಟಳೆಯನ್ನು ಮೀರಿ ಪೆಟ್ಟು ತೊಡೆಗೆ ಬಿದ್ದದ್ದು ಕೋಪದಿಂದ. "ನನಗೆ ಮೂವತ್ತು ವರ್ಷದ ಅನುಭವವಿದೆ, ಬಂದೂಕು ನನಗೇನು ಹೊಸದೇ" ಎನ್ನುವ ಹಿರಿಯರು ಈ ಕಾವ್ಯವನ್ನು ಮತ್ತೊಮ್ಮೆ ಕೇಳಬೇಕು.

ನಮ್ಮ ಬಂಧುವರ್ಗದ ಹಿರಿಯರೊಬ್ಬರು ಕೃಷ್ಣೆಯ ದಂಡೆಯ ಕಬ್ಬಿನ ತೋಟದಲ್ಲಿ ಇದ್ದಾರೆ. ಅವರಲ್ಲಿ ಒಂದು ನಳಿಗೆಯ ಬಂದೂಕಿದೆ. ಹಂದಿಗಳ ಹಿಂಡು ಕಬ್ಬಿಗೆ ನುಗ್ಗಿದಾಗ ಆಕಾಶಕ್ಕೆ ಒಂದು ಗುಂಡು ಹಾರಿಸಿ ಸದ್ದು ಮಾಡುವುದು ಅವರ ಪದ್ಧತಿ, ಜೀವಿಗೆ ಗುರಿಯಿಟ್ಟವರಲ್ಲ. ಪತ್ನಿ ತೀರಿಕೊಂಡ ಮೇಲೆ ಅವರಿಗೆ ನಿದ್ರೆ ದೂರವಾಯಿತು. ವೈದ್ಯರು ಗುಳಿಗೆ ಕೊಟ್ಟರು. ಅದೇ ವರ್ಷ ಬಲಗಣ್ಣಿನಲ್ಲಿ ಪೊರೆಯೂ ಬಲಿತಿತ್ತು. ಒಂದು ರಾತ್ರಿ ಕಬ್ಬಿನಲ್ಲಿ ಸರಸರ ಸದ್ದಾದಾಗ ಅವರು ಬಂದೂಕು ಹಿಡಿದು ಹೊರಬಂದರು. ಎಂದೂ ಮೇಲಕ್ಕೆ ಏಳುತ್ತಿದ್ದ ನಳಿಗೆ ಅಂದು ಯಾಕೋ ಕೆಳಕ್ಕೆ, ಸದ್ದಿನತ್ತಲೇ ತಿರುಗಿತು. "ಯಜಮಾನ್ರ, ನಾನ್ರೀ, ನೀರು ತಿರುವಾಕ ಬಂದೀನ್ರಿ" ಎಂದು ಒಳಗಿನಿಂದ ಆಳುಮಗನ ದನಿ ಬಂದಿತು. ಗುಂಡು ಹಾರಲಿಲ್ಲ. ಎರಡು ದಿನ ಅವರು ಯಾರೊಡನೆಯೂ ಮಾತಾಡಲಿಲ್ಲವಂತೆ.

ಮೂರನೆಯ ದಿನ ಮಾತು ತೆಗೆದವಳು ಸೊಸೆ. "ಮಾವಾರ, ಸಿಟ್ಟ ಆಗಬ್ಯಾಡ್ರಿ. ನಿಮಗ ಆರಾಮ ಆಗೂತನಕ ಅದು ಠಾಣೇದಾಗ ಇರಲಿ."

"ಊರ ಮಂದಿ ಏನಂದಾರವ್ವಾ?"

"ಇಲೆಕ್ಷನ್ನಾಗ ಇಟ್ಟು ಬಂದಾಗ ಏನಂದ್ರರೀ?"

ಮಗನನ್ನು ಜತೆಗೆ ಕರೆದುಕೊಂಡು ಅವರೇ ಹೋಗಿ ಒಪ್ಪಿಸಿ ಬಂದರು. ಆ ಹೆಣ್ಣುಮಗಳ ಒಂದು ಪ್ರಶ್ನೆ ನನ್ನ ಹಲವು ಪ್ರವಚನಗಳಿಗಿಂತ ದೊಡ್ಡದೆಂದು ನನಗೆ ಅನಿಸಿದೆ.

ಊರ ಮಂದಿ ಏನೆಂದಾರು ಎಂಬ ಅಳುಕನ್ನು ಹಗುರವಾಗಿ ಕಾಣುವಂತಿಲ್ಲ. ಇದು ಹಲಗಲಿಯ ಸೀಮೆ. 1857ರಲ್ಲಿ ಬ್ರಿಟಿಷ್ ಸರಕಾರ ನಿಶ್ಶಸ್ತ್ರೀಕರಣದ ಕಾಯಿದೆ ತಂದು ಆಯುಧಗಳನ್ನು ಒಪ್ಪಿಸಬೇಕೆಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಸೇನೆ ಬಂದು ಊರನ್ನು ಸುಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಮುಧೋಳ ಮತ್ತು ಹಲಗಲಿಗಳಲ್ಲಿ ಗಲ್ಲಿಗೇರಿಸಲಾಯಿತು. ಜಡಗ, ಬಾಲ, ಹನುಮ, ರಾಮರ ಹೆಸರುಗಳು ಲಾವಣಿಯಲ್ಲಿ ಉಳಿದಿವೆ. ಹತಾರ ಒಪ್ಪಿಸುವುದೆಂದರೆ ತಲೆ ತಗ್ಗಿಸುವುದು ಎಂಬ ಭಾವ ಈ ಮಣ್ಣಿನಲ್ಲಿ ಬೇರೂರಿದ್ದರೆ ಅದಕ್ಕೆ ಅಷ್ಟು ಬೆಲೆ ತೆತ್ತ ಕಾರಣವಿದೆ. ಆದರೆ ಅಂದು ಪರದೇಶದ ಪ್ರಭುತ್ವ ಬಲಾತ್ಕಾರದಿಂದ ಕಿತ್ತುಕೊಳ್ಳಹೊರಟಿತ್ತು. ಇಂದು ಒಬ್ಬ ಗೃಹಸ್ಥ ತನ್ನ ಶರೀರದ ಸ್ಥಿತಿಯನ್ನರಿತು ತಾನಾಗಿ ಇಳಿಸಿಡುತ್ತಾನೆ. ಕಸಿದುಕೊಂಡರೆ ಅದು ಅಪಹರಣ, ಬಿಟ್ಟುಕೊಟ್ಟರೆ ತ್ಯಾಗ. ಎರಡಕ್ಕೂ ಒಂದೇ ಹೆಸರಿಡುವುದು ಹಲಗಲಿಯ ವೀರರಿಗೂ ನ್ಯಾಯವಲ್ಲ.

ತ್ಯಾಗವೆಂದೊಡನೆ ಶಾಶ್ವತವಾಗಿ ಬಿಡಬೇಕೇ ಎಂಬ ಭಯ ಬೇಡ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತ್ಯಾಗವನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಜೀವನಪರ್ಯಂತದ್ದು ಯಮ, ಕಾಲದ ಮಿತಿಯುಳ್ಳದ್ದು ನಿಯಮ. ಚಾತುರ್ಮಾಸದಲ್ಲಿ ಹಸಿರು ತರಕಾರಿ ಬಿಡುತ್ತೇವೆ, ದಶಲಕ್ಷಣ ಪರ್ವದಲ್ಲಿ ಸಿಹಿ ಬಿಡುತ್ತೇವೆ, ಪರ್ವ ಮುಗಿದ ಮೇಲೆ ಮತ್ತೆ ಸ್ವೀಕರಿಸುತ್ತೇವೆ. ಹಾಗೆಯೇ "ಅಸ್ವಸ್ಥನಾಗಿರುವಷ್ಟು ಕಾಲ ಆಯುಧವನ್ನು ಮುಟ್ಟುವುದಿಲ್ಲ" ಎಂಬ ನಿಯಮವನ್ನು ಬಸದಿಯಲ್ಲಿ ಜಿನಬಿಂಬದ ಮುಂದೆ ತೆಗೆದುಕೊಳ್ಳಲು ಏನಡ್ಡಿ? ಬುದ್ಧಿ ಸ್ವಸ್ಥವಾಗಿರುವಾಗಲೇ ಇದನ್ನು ತೆಗೆದುಕೊಳ್ಳಬೇಕು. ರೋಗ ಬಲಿತ ಮೇಲೆ ತಾನು ರೋಗಿಯೆಂಬ ಅರಿವೇ ಹಲವರಿಗೆ ಉಳಿಯದು. ನನಗೆ ಹೀಗಾದರೆ ನೀನು ಹೇಳು, ನಾನು ಸಿಟ್ಟಾದರೂ ಬಿಡಬೇಡ ಎಂದು ಹೆಂಡತಿಗೋ ಮಗನಿಗೋ ಮೊದಲೇ ಮಾತು ಕೊಟ್ಟಿರಬೇಕು.

ಕಾನೂನು ಇಲ್ಲಿ ಸ್ವಲ್ಪ ದೂರ ಮಾತ್ರ ಜತೆಗೆ ಬರುತ್ತದೆ. 1959ರ ಆಯುಧ ಕಾಯಿದೆ ಅಸ್ವಸ್ಥ ಚಿತ್ತದವರಿಗೆ ಪರವಾನಗಿಯನ್ನು ನಿರಾಕರಿಸುತ್ತದೆ; ಕೊಟ್ಟ ಮೇಲೆ ಅಂಥ ಸ್ಥಿತಿ ಬಂದರೆ ಅಮಾನತಿನಲ್ಲಿಡುವ, ರದ್ದುಪಡಿಸುವ ಅಧಿಕಾರವನ್ನೂ ನೀಡುತ್ತದೆ. 2016ರ ಆಯುಧ ನಿಯಮಗಳು ಅರ್ಜಿದಾರನ ದೇಹ ಮತ್ತು ಮನಸ್ಸಿನ ಸ್ವಾಸ್ಥ್ಯದ ಬಗ್ಗೆ ವೈದ್ಯರ ಪ್ರಮಾಣಪತ್ರವನ್ನು ಕೇಳುತ್ತವೆ. 2019ರ ತಿದ್ದುಪಡಿಯ ಬಳಿಕ ಪರವಾನಗಿಯ ಅವಧಿ ಮೂರರಿಂದ ಐದು ವರ್ಷಗಳಿಗೆ ಏರಿದೆ. ಕಾಯಿಲೆ ಐದು ವರ್ಷ ಕಾಯುವುದಿಲ್ಲ. ಒಂದು ನವೀಕರಣಕ್ಕೂ ಮುಂದಿನ ನವೀಕರಣಕ್ಕೂ ನಡುವೆ ಕಣ್ಣಿಗೆ ಪೊರೆ ಬರಬಹುದು, ಮನೆಯಲ್ಲಿ ಸಾವಾಗಬಹುದು, ಸಾಲ ಕುತ್ತಿಗೆಗೆ ಬರಬಹುದು. ಆ ಅವಧಿಯಲ್ಲಿ ಕೇಳುವವರು ಮನೆಯವರೇ ಆಗಬೇಕು. ಆಗ ಬಂದೂಕನ್ನು ಠಾಣೆಯಲ್ಲೋ ಪರವಾನಗಿ ಪಡೆದ ಆಯುಧ ವ್ಯಾಪಾರಿಯಲ್ಲೋ ಸುರಕ್ಷಿತವಾಗಿ ಇಡಿಸಬಹುದು. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಪರವಾನಗಿ ಇಲ್ಲದ ಮನೆಮಂದಿ ಅದನ್ನು ತಾವಾಗಿ ಹೊತ್ತು ತಿರುಗುವುದು ಸಲ್ಲ. ಒಡೆಯನೇ ಜತೆಗಿರಬೇಕು, ಅದು ಆಗದಿದ್ದರೆ ಠಾಣೆಗೆ ತಿಳಿಸಿ ಅವರು ಹೇಳಿದಂತೆ ನಡೆಯಬೇಕು.

ಮನೆಯವರು ಏಕೆ ಕೇಳುವುದಿಲ್ಲ? ನಮ್ಮಲ್ಲಿ ಅದಕ್ಕೊಂದು ಧಾರ್ಮಿಕ ನೆಪವೂ ಇದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ ಒಂದು. ಅನ್ಯರ ದೋಷವನ್ನು ಬಯಲಿಗೆಳೆಯದೆ ಮುಚ್ಚುವುದು. ಮನೆಯ ಹಿರಿಯನಿಗೆ ಮರೆವು ಹತ್ತಿದೆ, ಅಣ್ಣನಿಗೆ ಮನಸ್ಸು ಸರಿಯಿಲ್ಲ ಎಂಬುದನ್ನು ಹೊರಗೆ ಬಿಡದಿರುವುದು ಉಪಗೂಹನವೇ ಎಂದು ಭಾವಿಸುವವರಿದ್ದಾರೆ. ಇದು ಅರ್ಧ ಓದು. ಉಪಗೂಹನದ ಮುಂದಿನ ಅಂಗ ಸ್ಥಿತಿಕರಣ, ಜಾರುತ್ತಿರುವವನನ್ನು ಹಿಡಿದು ನಿಲ್ಲಿಸುವುದು. ಮುಚ್ಚಿದ ಕೈ ಹಿಡಿದು ನಿಲ್ಲಿಸದಿದ್ದರೆ ಅದು ಬರಿಯ ಮರ್ಯಾದೆಯ ಕಾಪು. ಅದಕ್ಕೂ ಮೊದಲಿನ ಅಂಗವಾದ ನಿರ್ವಿಚಿಕಿತ್ಸೆ ರೋಗಿಯ ಬಗ್ಗೆ ಹೇಸಿಕೆ ಪಡಬೇಡ ಎನ್ನುತ್ತದೆ. ಮೈಯ ರೋಗಕ್ಕೆ ಹೇಸದವರು ಮನಸ್ಸಿನ ರೋಗಕ್ಕೆ ಹೇಸುತ್ತೇವೆ. ಎರಡೂ ಅಸಾತಾ ವೇದನೀಯದ ಉದಯವೇ. ಮನೋರೋಗಿಯೆಂದರೆ ಹಿಂಸೆ ಮಾಡುವವನು ಎಂಬ ಎಣಿಕೆಯೂ ಸರಿಯಲ್ಲ. ಅವರಲ್ಲಿ ಬಹುಪಾಲು ಮಂದಿ ಯಾರಿಗೂ ಕೆಡುಕು ಮಾಡುವವರಲ್ಲ; ತಮಗೆ ತಾವೇ ಕೆಡುಕು ಮಾಡಿಕೊಳ್ಳುವ ಭಯವೇ ಹೆಚ್ಚು.

ಆ ಭಯದ ಬಗ್ಗೆ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಸಾಯಬೇಕೆಂಬ ಉದ್ವೇಗ ಬಹಳ ಮಂದಿಯಲ್ಲಿ ಸ್ವಲ್ಪ ಹೊತ್ತಿನ ಅಲೆ. ಕೈಗೆ ಸಾಧನ ಸಿಗದೆ ಆ ಹೊತ್ತು ಕಳೆದರೆ ಬದುಕು ಮರಳಿ ಹಿಡಿತಕ್ಕೆ ಬರಬಲ್ಲದು. ಬಂದೂಕು ಪಶ್ಚಾತ್ತಾಪಕ್ಕೆ ಎಡೆ ಕೊಡುವುದಿಲ್ಲ. ನಮ್ಮ ಹೊಲದ ಮನೆಗಳಲ್ಲಿ ಬಂದೂಕಿಗಿಂತ ಬೆಳೆಗೆ ಸಿಂಪಡಿಸುವ ಔಷಧದ ಡಬ್ಬಿಗಳೇ ಹೆಚ್ಚು; ಅವಕ್ಕೂ ಬೀಗ ಬೇಕು. ಇದನ್ನು ಸಲ್ಲೇಖನದೊಡನೆ ಬೆರೆಸಿ ಮಾತಾಡುವವರು ಸಿಗುತ್ತಾರೆ. ಆ ಬೆರಕೆಯನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿಯೇ ಬಿಡಿಸಿಟ್ಟಿದ್ದಾರೆ. ರಾಗ, ದ್ವೇಷ, ಮೋಹಗಳಿಗೆ ಸಿಕ್ಕಿ ವಿಷ, ಶಸ್ತ್ರಾದಿಗಳಿಂದ ತನ್ನನ್ನು ಕೊಂದುಕೊಳ್ಳುವುದು ಆತ್ಮಘಾತ. ಸಲ್ಲೇಖನದಲ್ಲಿ ಅವು ಯಾವುವೂ ಇಲ್ಲ. ನೊಂದವನಿಗೆ ಬೇಕಾದದ್ದು ಜತೆಯಲ್ಲಿ ಕೂರುವ ಒಬ್ಬರು, ಮತ್ತು ವೈದ್ಯರು. ಧಾರವಾಡದ ಡಿಮ್ಹಾನ್ಸ್ ನಮಗೆ ದೂರವಲ್ಲ. 14416 ಸಂಖ್ಯೆಗೆ ಕರೆ ಮಾಡಿದರೆ ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು.

ಇನ್ನು ಬಂದೂಕು ಕೊಡುವವರ ಮಾತು. ಬ್ಯಾಂಕುಗಳ ಬಾಗಿಲಲ್ಲಿ, ಕಾರ್ಖಾನೆಗಳ ಗೇಟಿನಲ್ಲಿ ಬಂದೂಕು ಹಿಡಿದು ರಾತ್ರಿಯಿಡೀ ನಿಲ್ಲುವ ಕಾವಲುಗಾರರಿದ್ದಾರೆ. ಅವರಲ್ಲಿ ನಿವೃತ್ತ ಸೈನಿಕರು ಅನೇಕರು, ಶಿಸ್ತಿನವರು, ವಯಸ್ಸಾದವರು. ಸಕ್ಕರೆ ಕಾಯಿಲೆ ಇದೆ, ಕಣ್ಣು ಮಂಜು, ಎರಡು ಪಾಳಿ ಒಟ್ಟಿಗೆ ಮಾಡಿದ್ದಾಗಿದೆ ಎಂದು ಹೇಳಿದರೆ ಕೆಲಸ ಹೋದೀತೆಂದು ಸುಮ್ಮನಿರುತ್ತಾರೆ. ಅವರನ್ನು ನೇಮಿಸುವ ಆಡಳಿತ ಮಂಡಳಿಗಳಲ್ಲಿ ಶ್ರಾವಕರೂ ಇದ್ದಾರೆ. ಅನರ್ಥದಂಡದ ಐದು ಬಗೆಗಳಲ್ಲಿ ಹಿಂಸಾದಾನವೆಂಬುದೊಂದಿದೆ. ಕತ್ತಿ, ಕೊಡಲಿ, ಬೆಂಕಿಯಂಥ ಹಿಂಸೆಯ ಉಪಕರಣಗಳನ್ನು ಇನ್ನೊಬ್ಬರ ಕೈಗೆ ಕೊಡುವುದು. ನಡುಗುವ ಕೈಯೆಂದು ತಿಳಿದೂ, ಅಥವಾ ತಿಳಿದುಕೊಳ್ಳುವ ಗೋಜಿಗೇ ಹೋಗದೆ, ಬಂದೂಕು ಕೊಟ್ಟವನ ಪಾಲು ಹಿಡಿದವನ ಪಾಲಿಗಿಂತ ಕಡಿಮೆಯಲ್ಲ ಎಂದು ನಾನು ಭಾವಿಸುತ್ತೇನೆ. ಆರು ತಿಂಗಳಿಗೊಮ್ಮೆ ಕಣ್ಣು, ರಕ್ತದೊತ್ತಡ, ಸಕ್ಕರೆಯ ತಪಾಸಣೆ ಮಾಡಿಸುವುದು, ಅಸ್ವಸ್ಥನೆಂದವನಿಗೆ ಪಗಾರ ಕಡಿಯದೆ ಬಂದೂಕಿಲ್ಲದ ಕೆಲಸ ಕೊಡುವುದು ದೊಡ್ಡ ಖರ್ಚಿನ ಮಾತಲ್ಲ. ಪಂಚಕಲ್ಯಾಣದ ಸವಾಲಿನಲ್ಲಿ ಲಕ್ಷಗಳನ್ನು ಕೂಗುವ ಕೈಗಳಿಗೆ ಇದು ಹೊರೆಯೇ?

ಅಹಿಂಸಾವ್ರತವನ್ನು ಗಟ್ಟಿಗೊಳಿಸುವ ಐದು ಭಾವನೆಗಳಲ್ಲಿ ಮನೋಗುಪ್ತಿಯೂ ಆದಾನ-ನಿಕ್ಷೇಪಣ ಸಮಿತಿಯೂ ಒಟ್ಟಿಗೆ ಬರುತ್ತವೆ. ಒಂದು ಮನಸ್ಸನ್ನು ಕಾಯುವುದು, ಇನ್ನೊಂದು ವಸ್ತುವನ್ನು ನೋಡಿ ಎತ್ತುವುದು, ನೋಡಿ ಇಡುವುದು. ಮುನಿಗಳು ಕಮಂಡಲುವನ್ನು ಇಡುವ ಮೊದಲು ಪಿಂಛಿಯಿಂದ ನೆಲವನ್ನು ಸವರುವುದನ್ನು ನಾವೆಲ್ಲ ಕಂಡಿದ್ದೇವೆ. ಗೃಹಸ್ಥನ ಮನೆಯಲ್ಲಿ ಬಂದೂಕಿದ್ದರೆ ಅದರಿಂದ ತೋಟೆ ತೆಗೆದಿಡುವುದು, ತೋಟೆಗಳನ್ನು ಬೇರೆ ಕಡೆ ಬೀಗದಲ್ಲಿಡುವುದು, ಮಕ್ಕಳ ಕೈಗೆ ಎಟಕದಂತೆ ನೋಡುವುದು ಇವೆಲ್ಲ ಆ ಸವರುವಿಕೆಯೇ. ಮನಸ್ಸನ್ನು ಕಾಯಲಾಗದ ದಿನ ಎತ್ತುವ ಅಧಿಕಾರವೂ ಇಲ್ಲ.

ಕೃಷ್ಣೆಯ ದಂಡೆಯ ಆ ಹಿರಿಯರು ಈಗ ಮೊದಲಿಗಿಂತ ಚೆನ್ನಾಗಿದ್ದಾರೆ. ಬಲಗಣ್ಣಿನ ಶಸ್ತ್ರಚಿಕಿತ್ಸೆಯಾಗಿದೆ, ಗುಳಿಗೆಯನ್ನು ವೈದ್ಯರು ಕಡಿಮೆ ಮಾಡಿದ್ದಾರೆ. ತೇರದಾಳದ ನೇಮಿನಾಥ ಬಸದಿಗೆ ಮೊಮ್ಮಗನ ಜತೆ ಹೋಗಿ ಬರುತ್ತಾರೆ. ಮದುವೆಯ ದಿಬ್ಬಣದಲ್ಲಿ ಕಟ್ಟಿಹಾಕಿದ ಪ್ರಾಣಿಗಳ ಕೂಗನ್ನು ಕೇಳಿ ರಥ ತಿರುಗಿಸಿದ ಸ್ವಾಮಿಯ ಕಥೆಯನ್ನು ಆ ಹುಡುಗನಿಗೆ ಹೇಳಿದ್ದಾರಂತೆ. ಹಂದಿಗಳು ಬಂದಾಗ ಆಳುಮಗ ಡಬ್ಬಿ ಬಡಿಯುತ್ತಾನೆ. ಒಮ್ಮೊಮ್ಮೆ ಕಬ್ಬು ಹಾಳಾಗುವುದೂ ಉಂಟು. ಠಾಣೆಯ ರಸೀದಿ ದೇವರ ಮಾಡದಲ್ಲಿ, ನಿತ್ಯಪೂಜೆಯ ಪುಸ್ತಕದೊಳಗಿದೆ. ಬಂದೂಕನ್ನು ಯಾವಾಗ ತರುತ್ತೀರಿ ಎಂದು ಮೊನ್ನೆ ಕೇಳಿದೆ.

"ಇನ್ನೊಂದು ಕಣ್ಣಿಂದೂ ಆಗಲಿ, ನೋಡೂಣು" ಎಂದರು.